ಬ್ಯಾಡಗಿ ಸುತ್ತಿ ಬಂದ ನಲವತ್ತೆಂಟು

೨೦೦೯ರ ನವೆಂಬರ್ ೧೬, ಸೋಮವಾರ, ಬೆಳಿಗ್ಗೆ ೧೦.೪೦. ಬೀಜದ ಕಂಪನಿಯೊಂದರ ಮ್ಯಾನೇಜರ್ ಚೇತನಕುಮಾರ ರಾಣೆಬೆನ್ನೂರಿನ ಠಾಣೆಗೆ ದೂರು ತಂದ. ದೂರಿನ ಜೊತೆ ಆರೋಪಿಯನ್ನೂ ತಾನೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಇಷ್ಟು ಸಲೀಸಾದ ಕೇಸು ಇನ್ಸ್‌ಪೆಕ್ಟರ್ ಬೀರಲಿಂಗಪ್ಪನವರ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಬಂದಿರಲಿಲ್ಲ. ಅದಕ್ಕೇ ಅವರಿಗೆ ಸಂಶಯ ಬಂತು.

"ಈಕಿ ನಮ್ಮ ಹಾವೇರಿ ಲ್ಯಾಬಿನ ಸ್ನೇಹಾ. ಮೆಣಸಿನಕಾಯಿ ಬೀಜದ ಹದಿನೇಳನೇ ಲಾಟು ನೂರಕ್ಕ ನಲವತ್ತೆಂಟು ಮೊಳಕಿ ಬಂದೈತಿ ಅಂತ ರಿಜಿಸ್ಟರಿನ್ಯಾಗ ಬರದಾಳ. ಇಲ್ಲಿ ರಾಣೆಬೆನ್ನೂರಿನ ಹೆಡ್ಡಾಫೀಸಿಗೆ ಎಂಬತ್ನಾಲ್ಕು ಅಂತ ಕಳಿಸ್ಯಾಳ. ಅರವತ್ತರ ಕೆಳಗಿದ್ರ ಮಾರೂವಂಗಿಲ್ರಿ. ಎರಡು ದಿನ ತಡಾ ಆಗಿದ್ರ ರೈತರ ಹೊಲಕ್ಕ ಹೋಗ್ತಿತ್ತು. ಇವತ್ತ ಒಳಗ ಹಾಕ್ರಿ."

"ನಾ ಕಳಿಸಿದ್ದೂ ನಲವತ್ತೆಂಟ ರೀ," ಎಂದಳು ಸ್ನೇಹಾ. "ಕೇಸಿನ್ಯಾಗ ಹೆಸರು ಬಂದ್ರ ಮುಂದ ಯಾವ ಲ್ಯಾಬಿನವ್ರೂ ನನ್ನ ಒಳಗ ಕರಿಯಂಗಿಲ್ರಿ." ಹೇಳುತ್ತಲೇ ಕಣ್ಣೊರೆಸಿಕೊಂಡಳು.

ಕಂಪ್ಯೂಟರ್ ಅಪರಾಧಗಳನ್ನು ಇನ್ಸ್‌ಪೆಕ್ಟರ್ ದರ್ಜೆಯವರೇ ತನಿಖೆ ಮಾಡಬಹುದೆಂಬ ತಿದ್ದುಪಡಿ ಜಾರಿಗೆ ಬಂದು ಇಪ್ಪತ್ತೇ ದಿನವಾಗಿತ್ತು. ಬೀರಲಿಂಗಪ್ಪನವರಿಗೋ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಎಫ್‌ಐಆರ್ ದಾಖಲಿಸಿದರು, ಆದರೆ ಆರೋಪಿಯ ಕಾಲಂನಲ್ಲಿ 'ಅಪರಿಚಿತ' ಎಂದೇ ಬರೆಸಿದರು. ಮ್ಯಾನೇಜರನ ಮುಖ ಗಂಟಾಯಿತು. ಆಗಲಿ, ಅವನ ಮುಖ ನೋಡಿ ಎಫ್‌ಐಆರ್ ಬರೆಯುವ ಪದ್ಧತಿ ಆ ಠಾಣೆಯಲ್ಲಿ ಇರಲಿಲ್ಲ.

ಬಿಸಿಎ ಓದಿ ಪೊಲೀಸ್ ಸೇರಿದ್ದ ಕಾನ್‌ಸ್ಟೆಬಲ್ ಸುಧಾರಾಣಿ ಕಂಪನಿಯ ನೆಟ್‌ವರ್ಕ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು.

"ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಮೂರೂ ಊರಾಗ ಒಂದೊಂದು ರೂಟರ್ ಅದಾವ್ರಿ ಸರ್. ಯಾವ ದಾರಿ ಹತ್ರ ಅಂತ ತಮ್ಮತಮ್ಮೊಳಗ ಹೇಳ್ಕೊಂತಾವ. ಹತ್ರ ಅಂದ ಕಡೆ ಫೈಲ್ ಹೋಗ್ತೈತಿ. ಎಲ್ಲಾರೂ ಒಮ್ಮಿಗೇ ಹೇಳಿದ್ರ ಗದ್ದಲ ಅಂತ ಏರಿಯಾ ಮಾಡ್ತಾರ, ಊರಾಗ ಓಣಿ ಇದ್ದಂಗ."

"ಬ್ಯಾಡಗಿ ಹತ್ರ ಈ ಚುಕ್ಕಿ ಗೆರಿ ಏನವಾ?"

"ವರ್ಚುವಲ್ ಓಣಿ ರೀ. ವಾಯರ್ ಇಲ್ಲ, ಡಬ್ಬಿ ಇಲ್ಲ. ಒಂದ ಕಂಪ್ಯೂಟರಿನೊಳಗ ಬರೇ ಪ್ರೋಗ್ರಾಮಿನಾಗ ಇರ್ತೈತಿ. ಅಲ್ಲಿಂದ ದಾರಿ ಸುದ್ದಿ ಹೊರಗ ಬರಬಾರ್ದು ಅಂತ ಇಲ್ಲೇ ಬರದಾರ ನೋಡ್ರಿ."

ಸಾಹೇಬರಿಗೆ ಕುತೂಹಲ ಕೆರಳಿತು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿ ನೆಟ್ಟಗಿದೆ. ಕೆಲವು ಬಸ್ಸು ಮಾತ್ರ ಮೋಟೆಬೆನ್ನೂರಿನಲ್ಲಿ ತಿರುಗಿ ಬ್ಯಾಡಗಿ ಹೊಕ್ಕು ಬರುತ್ತವೆ.

"ಅಂದ್ರ ಈ ಫೈಲ್ ಅನ್ನೂ ನಾನ್‌ಸ್ಟಾಪ್ ಬಸ್ ಆ ದಿವಸ ಬ್ಯಾಡಗಿ ಹೊಕ್ತೇನು? ಅದನ್ನ ಮೊದಲ ನೋಡೂಣು ನಡಿ."

ಮರುದಿನ ಬೆಳಿಗ್ಗೆ ೧೧.೧೫ಕ್ಕೆ ಹಾವೇರಿ ಲ್ಯಾಬಿನಲ್ಲಿ ಪಂಚನಾಮೆ. ಸ್ನೇಹಾಳ ಕಂಪ್ಯೂಟರಿನಲ್ಲಿದ್ದ ಫೈಲಿನಲ್ಲಿ ೪೮ ಎಂದೇ ಇತ್ತು. ರಿಜಿಸ್ಟರಿನಲ್ಲೂ ಅದೇ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಮರುಪರೀಕ್ಷೆ' ಎಂದಿತ್ತು. ಬೀರಲಿಂಗಪ್ಪ ಅದನ್ನು ಓದಿ ಮುಂದೆ ಹೋದರು. ಅವರ ಕಣ್ಣೆಲ್ಲ ರೂಟರಿನ ದಾಖಲೆಯ ಮೇಲಿತ್ತು. ನವೆಂಬರ್ ೧೧, ಮಧ್ಯಾಹ್ನ ೩.೪೨: 'ಹತ್ತಿರದ ದಾರಿ ಬ್ಯಾಡಗಿಯ ಮೇಲೆ' ಎಂಬ ಹೊಸ ಸುದ್ದಿ ಬಂದಿತ್ತು. ೪.೧೧ಕ್ಕೆ ಮಾಯ. ಸ್ನೇಹಾ ಫೈಲ್ ಕಳಿಸಿದ್ದು ಎಂದಿನಂತೆ ೪.೦೦ಕ್ಕೆ.

"ಹಾದ್ಯಾಗ ಫೈಲ್ ನಿಲ್ಸಿ, ತಿದ್ದಿ, ಮುಂದ ಬಿಟ್ಟಾರ್ರಿ ಸರ್! ಚುಕ್ಕಿ ಗೆರಿ ಓಣಿಯಾಗ!" ಸುಧಾರಾಣಿ ಕುರ್ಚಿಯಿಂದ ಎದ್ದೇಬಿಟ್ಟಳು.

ಅದೇ ಮಧ್ಯಾಹ್ನ ಬ್ಯಾಡಗಿ. ಕಂಪನಿಯವರ ಉಳಿತಾಯ ಬುದ್ಧಿ ನೋಡಿ: ಆ ವರ್ಚುವಲ್ ಓಣಿ ಇರುವ ಕಂಪ್ಯೂಟರ್ ಬಿಸಿಯಾಗುತ್ತದೆ, ಅದಕ್ಕೆ ಎಸಿ ಯಾಕೆ ದಂಡ ಎಂದು ಅದನ್ನು ತಮ್ಮ ಕೋಲ್ಡ್ ಸ್ಟೋರೇಜಿನ ಒಳಗೇ ಇಟ್ಟಿದ್ದರು! ಬಾಗಿಲಲ್ಲಿ ಅಬ್ದುಲರಜಾಕ ಎಂಬ ಹಿರಿಯ ಕಾವಲುಗಾರ, ಪಕ್ಕದಲ್ಲಿ ಕಂಬಳಿಗಳ ಗುಡ್ಡೆ.

"ಕಂಬಳಿ ಹೊದಿಲಾರ್ದ ಒಳಗ ಬಿಡಂಗಿಲ್ರಿ. ಸಹಿ ಮಾಡ್ಲಾರ್ದ ಕಂಬಳಿ ಕೊಡಂಗಿಲ್ರಿ. ನೀವೂ ಸಹಿ ಮಾಡ್ರಿ ಸಾಹೇಬ್ರ."

ಇನ್ಸ್‌ಪೆಕ್ಟರ್ ಸಹಿ ಮಾಡಿದರು. ಅದೇ ಪುಟದ ಮೇಲ್ಭಾಗದಲ್ಲಿ: ೧೧ನೇ ತಾರೀಕು, ೩.೩೦, ಕರಬಸಪ್ಪ, 'ವಾಯರ್ ನೋಡಲು'. ಕಂಪನಿಯಲ್ಲೇ ಕೆಲಸಕ್ಕಿದ್ದು, ಮೂರೂ ಊರಿನ ಜಾಲವನ್ನು ಯೋಜಿಸಿ ಆ ನಕ್ಷೆ ಬರೆದವನು ಅವನೇ. ವರ್ಚುವಲ್ ಓಣಿಯ ಬಾಗಿಲನ್ನು ಹೊರಗಿನಿಂದ ತೆಗೆಯಲು ಬರಬಾರದು, ಕಂಪ್ಯೂಟರಿನ ಮುಂದೆಯೇ ಕೂರಬೇಕು ಎಂದು ನಿಯಮ ಹಾಕಿದವನೂ ಅವನೇ.

"ಆದ್ರ ಲ್ಯಾಬಿನ ಇಪ್ಪತ್ಮೂರು ಲಾಟಿನಾಗ ಹದಿನೇಳ ಯಾಕ ತಿದ್ದಿದ?" ಎಂದರು ಬೀರಲಿಂಗಪ್ಪ.

ಲ್ಯಾಬಿನ ರಿಜಿಸ್ಟರಿನಲ್ಲಿ ಆ ಬೀಜ ಬೆಳೆದವರ ಹೆಸರಿತ್ತು: ಹೊನ್ನವ್ವ, ಕುಪ್ಪೇಲೂರು. ೧೮ರ ಬೆಳಿಗ್ಗೆ ಜೀಪು ಅಲ್ಲಿತ್ತು.

"ಎರಡು ತಿಂಗಳು ಒಂದೊಂದ ಹೂವಿಗೆ ಕೈಲೇ ಪರಾಗ ಮುಟ್ಟಿಸೇನ್ರಿ," ಎಂದಳು ಹೊನ್ನವ್ವ. "ಹೋದ ವರ್ಷ ನನ್ನ ಬೀಜ ಫೇಲಾತು. ಈ ವರ್ಷೂ ಆದ್ರ ಹೆಸರು ತಗೀತಾರ. ಮುಂದ ಯಾರೂ ಬೀಜದ ಕೆಲಸ ಕೊಡಂಗಿಲ್ಲ."

"ಕಂಪನ್ಯಾಗ ನಿಮ್ಮವ್ರು ಯಾರರ ಅದಾರೇನು?"

"ನಮ್ಮ ತಮ್ಮ ಕರಬಸಪ್ಪ ಅದಾನಲ್ರಿ. ಅವ್ವ ಸತ್ತಾಗ ನಾಲ್ಕು ವರ್ಷದಾಂವ, ನಾನ ಜ್ವಾಪಾನ ಮಾಡೇನಿ." ಹೇಳುವಾಗ ಮುಖ ಅರಳಿತ್ತು. ಬೀರಲಿಂಗಪ್ಪನವರಿಗೆ ಆ ಮುಖ ನೋಡಲಾಗಲಿಲ್ಲ.

ಸಂಜೆ ೫.೨೦, ಠಾಣೆ. ಎದುರಿಗೆ ಕರಬಸಪ್ಪ.

"ಹನ್ನೊಂದನೇ ತಾರೀಕಿಗೆ ಬ್ಯಾಡಗಿಗೆ ಹೋಗಿದ್ರೇನು?"

"ಹೋಗಿದ್ನಿರಿ. ಆದ್ರ ರೂಟರ್ ಮುಟ್ಟಿಲ್ಲ."

"ರೂಟರ್ ಸುದ್ದಿ ನಾ ತಗದಿಲ್ಲಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು. ಕಂಬಳಿಯ ರಿಜಿಸ್ಟರು ಮುಂದಿಟ್ಟಾಗ ಕರಬಸಪ್ಪ ತಲೆ ತಗ್ಗಿಸಿದ. ಲ್ಯಾಬಿನ ಕಂಪ್ಯೂಟರ್ ರಿಪೇರಿಗೆ ಹೋದಾಗ ಪರದೆಯ ಮೇಲೆ ಅಕ್ಕನ ಹೆಸರಿನ ಮುಂದೆ ೪೮ ಕಂಡಿದ್ದನಂತೆ.

"ಅಕ್ಕಗ ಏನೂ ಗೊತ್ತಿಲ್ರಿ. ಸ್ನೇಹಾನ ಹೆಸರು ಬರ್ತೈತಿ ಅಂತ ನನಗ ತಿಳಿಲಿಲ್ಲ."

"ಬಂದ ಮ್ಯಾಲೆ ತಿಳೀತಲ್ಲ? ಮೂರು ದಿನ ಬಾಯಿ ಯಾಕ ಬಿಡಲಿಲ್ಲ?"

ಬಂಧನದ ವೇಳೆ ೬.೦೫ ಎಂದು ದಾಖಲಾಯಿತು.

ಡಿಸೆಂಬರ್ ೨೩ರಂದು ಸ್ನೇಹಾ ಒಂದು ಹಾಳೆ ಹಿಡಿದು ತಾನಾಗಿಯೇ ಠಾಣೆಗೆ ಬಂದಳು. ಹದಿನೇಳನೇ ಲಾಟಿನ ಮರುಪರೀಕ್ಷೆ: ತೊಂಬತ್ತೊಂದು.

"ಹೊಸಾ ಬೀಜ ಮಲಗಿರ್ತಾವ್ರಿ. ಒಂದು ತಿಂಗಳು ಬಿಟ್ಟು ಹಾಕಿದ್ರ ಏಳ್ತಾವ. ಅದಕ್ಕ ಕೆಂಪು ಶಾಯಿಲೆ ಬರದಿದ್ದೆ. ಫೈಲಿನ್ಯಾಗ ಬರೇ ಅಂಕಿ ಹೋಗ್ತಾವ್ರಿ, ಆ ಮಾತು ಹೋಗಂಗಿಲ್ಲ. ಕರಬಸಪ್ಪ ನನ್ನ ಒಂದ ಮಾತು ಕೇಳಿದ್ರ ಹೇಳ್ತಿದ್ದೆ."

ಹೊನ್ನವ್ವ ಹೊರಗಿನ ಬೆಂಚಿನ ಮೇಲೆ ರೊಟ್ಟಿಯ ಗಂಟು ಹಿಡಿದು ಕುಳಿತಿದ್ದಳು. ತಮ್ಮನನ್ನು ಜೈಲಿಗೆ ಕಳಿಸಿ ತಿಂಗಳಾಗಿದ್ದರೂ ವಾರದಲ್ಲಿ ಮೂರು ದಿನ ಹಾಗೆ ಠಾಣೆಗೆ ಬಂದು ಕೂರುತ್ತಿದ್ದಳು. ಬೀರಲಿಂಗಪ್ಪ ಎದ್ದು ಹೋಗಿ ಹೇಳಿದರು: "ನಿಮ್ಮ ಬೀಜ ಪಾಸ್ ಆಗ್ಯಾವವಾ. ತೊಂಬತ್ತೊಂದು."

ಆಕೆ ತಟ್ಟನೆ ಎದ್ದು ನಿಂತಳು.

"ಹಂಗಾರ ನಮ್ಮ ತಮ್ಮನ್ನ ಬಿಡ್ತೀರೇನ್ರಿ?"

ಬೀರಲಿಂಗಪ್ಪ ಆಕೆಯನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿದರು. ಸುಧಾರಾಣಿ ಒಳಗಿನಿಂದ ಒಂದು ಲೋಟ ನೀರು ತಂದು ಆಕೆಯ ಕೈಗೆ ಕೊಟ್ಟಳು.