ಹೂ ಬಿಟ್ಟ ದಿನದ ಅಂದಾಜು

"ಈ ಪುಸ್ತಕ ನಿಮ್ಮ ಮಕ್ಕಳಿಗೆ ಆಗಲ್ಲ ಮೇಡಂ!"

ಮೂಡಿಗೆರೆಯ ಕಾಲೇಜಿಗೆ ಅಂದೇ ಕಾಲಿಟ್ಟಿದ್ದ ಸಂಖ್ಯಾಶಾಸ್ತ್ರದ ಮೇಷ್ಟ್ರು ಅಭಿಷೇಕ್ ಮೊದಲ ಭೇಟಿಯಲ್ಲೇ ಹೀಗೆಂದುಬಿಟ್ಟ. ಮನಃಶಾಸ್ತ್ರ ಕಲಿಸುವ ತನುಜಾಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೇಳಬೇಕೇ?

ತನ್ನ ವಿದ್ಯಾರ್ಥಿಗಳ ಸಂಖ್ಯಾಶಾಸ್ತ್ರದ ಪೇಪರಿಗೆ ಅವಳು ಆರಿಸಿದ್ದು ತೆಳ್ಳಗಿನ ಗೈಡು. ಅವನು ಮುಂದಿಟ್ಟದ್ದು ಇಟ್ಟಿಗೆಯಂಥ ಪುಸ್ತಕ. ಅಂಕಿಗಳ ಪೇಪರಿಗೆ ಹೆದರಿ ಹೋದ ವರ್ಷ ಅರ್ಧ ತರಗತಿ ಮನಃಶಾಸ್ತ್ರವನ್ನೇ ಬಿಟ್ಟು ಹೋಗಿತ್ತು. ಈ ಸಲವೂ ಹಾಗಾದರೆ ವಿಭಾಗಕ್ಕೇ ಬೀಗ!

"ಹೆದರಿರೋ ಮಕ್ಕಳ ತಲೆ ಮೇಲೆ ಈ ಇಟ್ಟಿಗೆ ಹೊರಿಸ್ತೀರಾ? ನಾನಿರೋವರೆಗೂ ಆಗಲ್ಲ!"

'ಎಷ್ಟು ಜಂಭ ಇವನಿಗೆ...' ಎಂದುಕೊಂಡಳು.

ಅಭಿಷೇಕ್ ಅವಳನ್ನೇ ನೋಡಿದ. "ನಾಳೆ ಮಕ್ಕಳನ್ನ ಮಲ್ಲಂದೂರಿಗೆ, ನಮ್ಮ ತೋಟಕ್ಕೆ ಕರ್ಕೊಂಡ್ ಬನ್ನಿ. ಆಮೇಲೆ ನೀವೇ ಆರಿಸಿ."

ಮರುದಿನ ಜೀಪಿನಿಂದಿಳಿದ ತನುಜಾಳಿಗೆ ಉಸಿರೇ ನಿಂತಂತಾಯಿತು. ಮೊಗ್ಗರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ಬೆಳಗಾಗುವುದರೊಳಗೆ ಕಾಫಿ ಗಿಡಗಳು ರೆಂಬೆಯೇ ಕಾಣದಂತೆ ಬೆಳ್ಳಗೆ ಅರಳಿದ್ದವು! ಮಲ್ಲಿಗೆಯಂಥ ಘಮ, ಸುತ್ತ ಜೇನ್ನೊಣಗಳ ಸದ್ದು... ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳಾದರೂ ಪ್ರತಿ ವರ್ಷ ಈ ಬೆಳಗು ಅವಳಿಗೆ ಹೊಸತೇ.

"ಈ ಸಲ ಫಸಲು ಹೇಗೆ?" ಅಭಿಷೇಕ್ ಕೇಳಿದ.

"ಬಂಪರ್ ಸರ್!" ಮಕ್ಕಳು ಕೂಗಿದರು. ತನುಜಾಳೂ ತಲೆಯಾಡಿಸಿದಳು.

ಅವನು ನಗುತ್ತ ಎಲ್ಲರನ್ನೂ ಇಳಿಜಾರಿಗೆ ಕರೆದೊಯ್ದ. ದಟ್ಟ ಮರಗಳ ನೆರಳಲ್ಲಿ ಗಿಡಗಳು ಬರೀ ಹಸಿರು. ಅಲ್ಲೊಂದು ಇಲ್ಲೊಂದು ಹೂವು, ಅಷ್ಟೇ.

"ನಮ್ಮಜ್ಜನೂ ಜೀಪ್ ರಸ್ತೆ ಪಕ್ಕದ ಗಿಡ ನೋಡೇ ಅಂದಾಜು ಹೇಳೋರು. ಪ್ರತಿ ಸಲ ತಪ್ಪೋರು!"

ಅಂಕಿ ಕಂಡರೆ ಅಳುತ್ತಿದ್ದ ವಿದ್ಯಾರ್ಥಿನಿ ಸೌಮ್ಯ ಕಣ್ಣರಳಿಸಿದಳು. "ಅಂದ್ರೆ ಎಲ್ಲಾ ಕಡೆ ಗಿಡಾನೂ ನೋಡ್ಬೇಕು... ಸರ್, ಸಮೀಕ್ಷೆಗೆ ಜನರನ್ನ ಕೇಳುವಾಗ್ಲೂ ಹಾಗೇ ಅಲ್ವಾ? ಚೆನ್ನಾಗಿ ಮಾತಾಡೋರನ್ನ ಮಾತ್ರ ಕೇಳಿದ್ರೆ ಸಾಲಲ್ಲ!"

ತನುಜಾಳ ಮೈ ಜುಮ್ಮೆಂದಿತು. ಇವಳೇನಾ ಆ ಸೌಮ್ಯ? ಮಕ್ಕಳು ಆಗಲೇ ಗಿಡಗಳನ್ನು ನೋಡುತ್ತ ತೋಟದೊಳಗೆ ಚದುರಿದ್ದರು.

"ನನ್ನ ಪುಸ್ತಕದ ಮೊದಲ ಪಾಠ ಇದೇ," ಅಭಿಷೇಕ್ ಮೆಲ್ಲಗೆ ಹೇಳಿದ. "ಗೈಡಲ್ಲಿ ಬರೀ ಸೂತ್ರ ಇದೆ ಮೇಡಂ, ಮನುಷ್ಯರೇ ಇಲ್ಲ. ನಿಮ್ಮ ಮಕ್ಕಳು ಬಂದಿರೋದು ಮನುಷ್ಯರನ್ನ ತಿಳ್ಕೊಳ್ಳೋಕಲ್ವಾ?"

ಅವಳ ಕಣ್ಣು ತುಂಬಿತು. "ನಿಮ್ಮ ಪುಸ್ತಕಾನೇ ಇರ್ಲಿ. ಸಾರಿ... ನಾನೂ ರಸ್ತೆ ಪಕ್ಕದ ಗಿಡಾನೇ ನೋಡಿದ್ದು. ಒಂದೇ ಮಾತು ಕೇಳಿ ನಿಮ್ಮನ್ನ ಜಂಭದವರು ಅಂದ್ಕೊಂಡೆ."

"ನಾನೂ ಅದೇ ತಪ್ಪು ಮಾಡಿದೀನಿ. ಮಕ್ಕಳಿಗೋಸ್ಕರ ನಿನ್ನೆ ಜಗಳಕ್ಕೆ ನಿಂತ್ರಲ್ಲ... ಆಗ್ಲೇ ನಿಮಗೆ ಸೋತುಹೋದೆ."

ತನುಜಾಳ ಎದೆ ಡವಡವ ಎಂದಿತು. "ಒಂದೇ ದಿನಕ್ಕೆ ತೀರ್ಮಾನವಾ ಮಾರಾಯ್ರೇ? ನಿಮ್ಮ ಪುಸ್ತಕ ಒಪ್ಪುತ್ತಾ?"

"ಒಪ್ಪಲ್ಲ. ಅದಕ್ಕೇ ಕೇಳ್ತಿದೀನಿ... ಇನ್ನೂ ನೋಡ್ತಾ ಇರ್ಬೋದಾ?"

"ಹೂ ಬಿಟ್ಟ ದಿನ ಮಾತ್ರ ನೋಡಿದ್ರೆ ಸಾಲಲ್ಲ. ಕೋಪ ಬಂದ ದಿನಾನೂ ನೋಡ್ಬೇಕು."

"ಅದನ್ನ ಮೊದಲೇ ನೋಡಿ ಆಯ್ತಲ್ಲ ಮೇಡಂ!"

"ತನುಜಾ ಅನ್ನಿ," ಎಂದಳು ಅವಳು, ನಗುತ್ತ.