ಕತ್ತರಿಸಿದ ಒಂಬತ್ತು ಸೆಕೆಂಡು

ಜನವರಿ 19, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪುಣೆಯ ಮಗರಪಟ್ಟಾದ ಹಿಂಬದಿಯ ಪೊಲೀಸ್ ಠಾಣೆಗೆ ಶಿವಕಾಂತಾ ಎಂಬ ಹೆಂಗಸು ದೂರು ಕೊಡಲು ಬಂದಳು. ಅಫಜಲಪುರದ ಕಡೆಯವಳು, ಕಟ್ಟಡಗಳಲ್ಲಿ ಕೂಲಿ ಮಾಡುವವಳು. ಠಾಣೆಯಲ್ಲಿ ಅವಳನ್ನು ಗುರುತಿಸದವರು ಯಾರೂ ಇರಲಿಲ್ಲ, ಯಾಕೆಂದರೆ ಅವಳ ಗಂಡ ಸಾಯುವುದನ್ನು ಅವರೆಲ್ಲ ನೋಡಿದ್ದರು. ಮೊಬೈಲಿನಲ್ಲಿ ನೋಡಿದ್ದರು.

ಜನವರಿ 8ರ ಮುಂಜಾನೆ ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲಿ ಇಬ್ಬರು ಪುಂಡರು ಕೊಯ್ತಾ ಹಿಡಿದು ಬಂದು, ಜನರಲ್ಲಿ ಹೆದರಿಕೆ ಹುಟ್ಟಿಸಲಿಕ್ಕೆಂದೇ ಕಂಡಕಂಡವರ ಮೇಲೆ ಬೀಸಿದ್ದರು. ಕಬ್ಬು ಕಡಿಯುವ ಆ ಕತ್ತಿಗೆ ಅವಳ ಗಂಡ, ಗಾರೆ ಕೆಲಸದ ಗೌಂಡಿ ಮಹೇಶಕುಮಾರ ಬಲಿಯಾದ. ಪುಂಡರು ಎರಡೇ ದಿನದಲ್ಲಿ ಸಿಕ್ಕಿಬಿದ್ದರು. ಕೈಗೆ ಸಿಗದೆ ಓಡಾಡುತ್ತಿದ್ದದ್ದು ಸ್ಕೂಟರಿನ ಮೇಲೆ ಕೂತಿದ್ದ ಒಬ್ಬ ತರುಣ ತೆಗೆದ ವಿಡಿಯೋ. ಗಲಾಟೆಯಾದಾಗ ಸರಕಾರ ಆದೇಶ ಹೊರಡಿಸಿತು: ಹಲ್ಲೆಯ ದೃಶ್ಯವನ್ನು ಎಲ್ಲ ಕಡೆಯಿಂದ ತೆಗೆದುಹಾಕಬೇಕು, ಮತ್ತೆ ಹಾಕಿದವರ ಮೇಲೆ ಕ್ರಮ. ಆದೇಶ ಟಿವಿಯಲ್ಲಿ ಬಂದದ್ದೇ ತಡ, ಅಲ್ಲಿಯವರೆಗೆ ನೋಡದಿದ್ದವರೂ ಹುಡುಕಿಕೊಂಡು ನೋಡಿದರು. ನಮ್ಮ ಜನ ಹಾಗೆ.

ಇನ್ಸ್‌ಪೆಕ್ಟರ್ ಶ್ರೀಶೈಲ ಬಿರಾಜದಾರರು ಅಕ್ಕಲಕೋಟೆಯವರು, ಮನೆಮಾತು ಕನ್ನಡ. ಶಿವಕಾಂತಾಳನ್ನು ಎದುರಿಗೆ ಕೂರಿಸಿಕೊಂಡರು. ಜೊತೆಗೆ ಬಂದಿದ್ದ ಮೈದುನ ಧರ್ಮರಾಜ ಕೂರಲಿಲ್ಲ, ಬಾಗಿಲ ಹತ್ತಿರ ನಿಂತ.

“ಏನಾತವ್ವಾ?”

“ವಿಡಿಯೋ ತಗಸ್ತೀವಿ ಅಂದ್ರಿ. ಹೋಗಿಲ್ರಿ ಅದು. ತಗದಷ್ಟೂ ಮತ್ತ ಬರ್ಲಕತ್ತದ.”

“ಯಾರು ಹೇಳಿದ್ರು ನಿನಗ?”

“ಯಾರರ ಯಾಕ ಹೇಳಬೇಕ್ರಿ? ನನ್ನ ಮಗಳೇ ನೋಡ್ಯಾಳ.”

ಮಗಳು ಸೋನಾಲಿಗೆ ಹನ್ನೊಂದು ವರ್ಷ. ಅವಳು ಊಟ ಬಿಟ್ಟಿದ್ದಳು, ಶಾಲೆ ಬಿಟ್ಟಿದ್ದಳು. ನೋಡಿದೆ ಅಂತ ಅಷ್ಟೇ ಅಂದಿದ್ದಳು. ಯಾರು ತೋರಿಸಿದರು ಅಂದರೆ ಬಾಯಿ ಬಿಡುತ್ತಿರಲಿಲ್ಲ.

“ಅವರ ಅಪ್ಪ ಹ್ಯಾಂಗ ಸತ್ತ ಅನ್ನೂದು ಕೂಸಿಗೆ ತಿಳೀಬಾರದಿತ್ರಿ,” ಅಂದಳು ಶಿವಕಾಂತಾ. “ಇಷ್ಟೇ ಬೇಡಿದ್ದೆ ನಾ. ಇನ್ನರೆ ಬಂದ್ ಮಾಡಸ್ರಿ. ಆಕಿ ಮತ್ತೊಮ್ಮೆ ನೋಡಬಾರದು.”

ಬಿರಾಜದಾರರು ಬಾಗಿಲ ಕಡೆ ನೋಡಿದರು. “ಅವತ್ತು ನೀ ಅಲ್ಲೇ ಇದ್ದಿ ಏನೋ?”

“ಇಲ್ರಿ ಸಾಹೇಬ್ರ,” ಅಂದ ಧರ್ಮರಾಜ. “ಚಾ ಕುಡೀಲಾಕ ಹೋಗಿದ್ದೆ.”

ಶಿವಕಾಂತಾ ಸೆರಗಿನಿಂದ ಮುಖ ಒರೆಸಿಕೊಂಡು, ಏಳುವ ಮೊದಲು ಒಂದು ಮಾತು ಕೇಳಿದಳು. “ಸಾಹೇಬ್ರ, ನಿಮ್ಮ ಮೊಬೈಲಿನ್ಯಾಗೂ ಅದ ಏನ್ರಿ ಅದು?”

ಬಿರಾಜದಾರರು ಮೇಜಿನ ಮೇಲಿದ್ದ ಮೊಬೈಲನ್ನು ಬೋರಲು ಹಾಕಿ ದೂರಿನ ಕಾಗದ ಎಳೆದುಕೊಂಡರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಬೇರೆಯವರನ್ನು ಹೀಗೆ ನಿಲ್ಲಿಸಿದ್ದರೇ ಹೊರತು ತಾವು ನಿಂತಿರಲಿಲ್ಲ. ಹನ್ನೊಂದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ, ಕಲಂ 223, ಸರಕಾರಿ ಆದೇಶದ ಉಲ್ಲಂಘನೆ, ಆರೋಪಿ ಅಜ್ಞಾತ.

ಅವಳು ಹೋದ ಮೇಲೆ ಬಿರಾಜದಾರರು ಸಿಬ್ಬಂದಿಯನ್ನೆಲ್ಲ ಒಳಗೆ ಕರೆದರು. “ಯಾರ ಯಾರ ಮೊಬೈಲಿನಲ್ಲಿದೆ?” ಎಂದು ಮರಾಠಿಯಲ್ಲಿ ಕೇಳಿದರು. ಯಾರೂ ಕೈ ಎತ್ತಲಿಲ್ಲ, ಯಾರೂ ತಲೆಯನ್ನೂ ಎತ್ತಲಿಲ್ಲ. ಮಹಿಳಾ ಹವಾಲ್ದಾರ ಗೋದಾ ಕಾಳಭೋರ ಮೊದಲು ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟಳು. “ನನ್ನ ತಂಗಿಗೂ ಕಳಿಸಿದ್ದೆ ಸರ್,” ಅಂದಳು. ಆಮೇಲೆ ಒಬ್ಬೊಬ್ಬರೇ ಇಟ್ಟರು. ಎಲ್ಲರೂ ಅಳಿಸಿದ ಮೇಲೆ ಬಿರಾಜದಾರರು ತಮ್ಮದನ್ನೂ ಅಳಿಸಿದರು. ಅವರು ಅದನ್ನು ಎಷ್ಟು ಸಲ ನೋಡಿದ್ದರು ಎಂಬುದು ಅವರಿಗೊಬ್ಬರಿಗೇ ಗೊತ್ತು, ಮತ್ತು ಅಷ್ಟೂ ಸಲ ತನಿಖೆಗಾಗಿ ನೋಡಿದ್ದಲ್ಲ.

ಮಂಗಳವಾರ ಬಿರಾಜದಾರರೂ ಗೋದಾಳೂ ಮಗರಪಟ್ಟಾದ ಒಂದು ಕಚೇರಿಗೆ ಹೋದರು. ಜನ ಹಾಕುವ ವಿಡಿಯೋಗಳನ್ನು ನೋಡಿ, ಇಡುವಂಥದ್ದನ್ನು ಇಟ್ಟು ಉಳಿದದ್ದನ್ನು ತೆಗೆಯುವ ಕೆಲಸವನ್ನು ಆ ಕಂಪನಿ ಗುತ್ತಿಗೆ ಹಿಡಿದಿತ್ತು. ಕನ್ನಡ, ಮರಾಠಿ ಎರಡನ್ನೂ ನೋಡುತ್ತಿದ್ದವನು ಅಭಿಲಾಷ, ಹಾಸನದ ಹುಡುಗ. ಗಾಜಿನ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದ.

“ಸರ್, ಒಂದ್ಸಲ ಬ್ಲಾಕ್ ಆದ ವಿಡಿಯೋನ ಸಿಸ್ಟಮ್ಮೇ ಗುರುತು ಹಿಡಿಯುತ್ತೆ. ಮತ್ತೆ ಅದನ್ನೇ ಹಾಕಿದ್ರೆ ತಾನೇ ತೆಗ್ದುಬಿಡುತ್ತೆ. ಕಟ್ ಮಾಡಿ ಹಾಕಿದ್ರೆ ಮಾತ್ರ ಅದಕ್ಕೆ ಬೇರೆ ವಿಡಿಯೋ ಅನ್ಸುತ್ತೆ. ಅದನ್ನೂ ಬ್ಲಾಕ್ ಲಿಸ್ಟಿಗೆ ಸೇರ್ಸೋಕೆ ಹೆಡ್ ಆಫೀಸ್ ಒಪ್ಪಿಗೆ ಬರೋವರ್ಗೂ ನಾವೇ ಕೂತ್ಕೊಂಡು ನೋಡಿ ತೆಗೀಬೇಕು.”

“ಈಗ ಬರ್ತಾ ಇರೋದು?”

“ಕಟ್ ಮಾಡಿದ್ದೇ. ಆದ್ರೆ ಒಂದು ವಿಷ್ಯ ಸರ್. ಬೇರೆಯವರು ಕಟ್ ಮಾಡಿದ್ರೆ ಮ್ಯೂಸಿಕ್ ಹಾಕ್ತಾರೆ, ಲಾಸ್ಟಲ್ಲಿ ಏನೋ ಬರೀತಾರೆ. ಇದರಲ್ಲಿ ಏನೂ ಇಲ್ಲ. ಶುರುವಿನ ಒಂಬತ್ತು ಸೆಕೆಂಡ್ ಮಾತ್ರ ಇಲ್ಲ. ನಾವು ತೆಗೆದಷ್ಟೂ ಹೊಸ ಅಕೌಂಟಿಂದ ಬರುತ್ತೆ, ಪ್ರತಿ ಸಲ ಅದೇ ಒಂಬತ್ತು ಸೆಕೆಂಡ್ ಇರಲ್ಲ. ಎಲ್ಲಾ ಒಂದೇ ಕೈ ಕೆಲ್ಸ.”

“ಆ ಒಂಬತ್ತು ಸೆಕೆಂಡಲ್ಲಿ ಏನಿತ್ತು?”

“ಗೊತ್ತಿಲ್ಲ ಸರ್. ಒರಿಜಿನಲ್ ಬ್ಲಾಕ್ ಮಾಡಿದ್ದು ನಾನೇ. ಆದ್ರೆ ಶುರುವಲ್ಲಿ ಏನಿತ್ತು ಅಂತ ನೋಡ್ಲಿಲ್ಲ. ಜನ ಎಲ್ಲಿಂದ ನೋಡ್ತಾರೆ ಅನ್ನೋದು ನಮಗೆ ಕಾಣ್ಸುತ್ತೆ. ಶುರು ಯಾರೂ ನೋಡಲ್ಲ, ಬೆರಳಲ್ಲಿ ಎಳ್ಕೊಂಡು ಡೈರೆಕ್ಟಾಗಿ ಹೊಡೆಯೋ ಜಾಗಕ್ಕೇ ಹೋಗ್ತಾರೆ.” ಬಾಟಲಿ ತೆಗೆದು ನೀರು ಕುಡಿದ. “ಮನೇಲಿ ನನ್ನ ಕೆಲ್ಸ ಏನು ಅಂತ ಹೇಳಿಲ್ಲ ಸರ್. ಕಂಪ್ಯೂಟರ್ ಕೆಲ್ಸ ಅಂದ್ಕೊಂಡಿದಾರೆ.”

ಆ ಖಾತೆಗಳನ್ನು ತೆರೆದ ಮೊಬೈಲ್ ಸಂಖ್ಯೆ ಕೊಡಿ ಎಂದು ಪತ್ರ ಕೊಟ್ಟು ಇಬ್ಬರೂ ಹೊರಬಂದರು.

ಮೂಲ ವಿಡಿಯೋ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಕೊಲೆ ಪ್ರಕರಣದಲ್ಲಿ ಸ್ಕೂಟರಿನ ತರುಣನ ಮೊಬೈಲಿನಿಂದ ತೆಗೆದ ಪ್ರತಿ ಅವರದೇ ಠಾಣೆಯಲ್ಲಿತ್ತು. ಆ ತನಿಖೆಗೆ ಬೇಕಾಗಿದ್ದದ್ದು ಕೊಯ್ತಾ ಹಿಡಿದವರ ಮುಖ, ಅದು ಬರುವುದು ನಡುವೆ. ಮೊದಲಿನಿಂದ ಯಾರೂ ನೋಡಿರಲಿಲ್ಲ. ಬಿರಾಜದಾರರೂ ನೋಡಿರಲಿಲ್ಲ.

ಈಗ ನೋಡಿದರು. ನಾಕಾದ ಜನ ಚೆಲ್ಲಾಪಿಲ್ಲಿಯಾಗುತ್ತಿದ್ದಾರೆ. ಮಹೇಶಕುಮಾರ ಎಡವಿ ಮೊಣಕಾಲಿನ ಮೇಲೆ ಬಿದ್ದಿದ್ದಾನೆ, ಪಕ್ಕದಲ್ಲಿದ್ದವನ ತೋಳು ಹಿಡಿದುಕೊಂಡಿದ್ದಾನೆ. ಪಕ್ಕದವನು ಒಮ್ಮೆ ಅವನನ್ನು ಎಳೆಯುತ್ತಾನೆ, ಹಿಂದೆ ತಿರುಗಿ ನೋಡುತ್ತಾನೆ, ಆಮೇಲೆ ತೋಳು ಕಿತ್ತುಕೊಂಡು ಓಡುತ್ತಾನೆ. ಒಂದು ಚಪ್ಪಲಿ ಅಲ್ಲೇ ಉಳಿಯುತ್ತದೆ. ಓಡುವಾಗ ಒಂದು ಗಳಿಗೆ ಮುಖ ಕ್ಯಾಮೆರಾದ ಕಡೆ ಬರುತ್ತದೆ. ಸೋಮವಾರ ಬಾಗಿಲ ಹತ್ತಿರ ಕೂರದೆ ನಿಂತಿದ್ದವನ ಮುಖ.

“ಚಹಾ ಕುಡಿಯಲು ಹೋಗಿದ್ದನಂತೆ,” ಅಂದಳು ಗೋದಾ.

“ನಾವು ಕುಡಿಯೋಣ ನಡಿ,” ಎಂದು ಬಿರಾಜದಾರರು ಎದ್ದರು, ಆದರೆ ಕುಡಿಯಲು ಹೋಗಲಿಲ್ಲ. ಕಿಟಕಿಯ ಹತ್ತಿರ ನಿಂತರು.

ಬುಧವಾರ ಮಧ್ಯಾಹ್ನ ಪತ್ರಕ್ಕೆ ಉತ್ತರ ಬಂತು. ಎಲ್ಲ ಖಾತೆಗಳಿಗೂ ಒಂದೇ ಸಂಖ್ಯೆ. ಸಂಖ್ಯೆ ಇದ್ದದ್ದು ಮಹೇಶಕುಮಾರನ ಹೆಸರಿನಲ್ಲಿ. ಕಾಗದದ ಪ್ರಕಾರ ಸತ್ತವನೇ ತನ್ನ ಸಾವನ್ನು ಊರಿಗೆಲ್ಲ ತೋರಿಸುತ್ತಿದ್ದ.

ನಾಲ್ಕು ಗಂಟೆಗೆ ಶಿವಕಾಂತಾ ಇದ್ದ ಕೂಲಿಯವರ ತಗಡಿನ ಶೆಡ್ಡಿನಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಧರ್ಮರಾಜ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮಹೇಶಕುಮಾರನ ಮೊಬೈಲು ಗೂಡಿನಲ್ಲಿ ಚಾರ್ಜಿಗಿತ್ತು.

“ಇದು ಯಾರ ಕಡೆ ಇರ್ತದ?” ಬಿರಾಜದಾರರು ಕೇಳಿದರು.

“ಸೋನಾಲಿ ಕಡೆ ರೀ,” ಅಂದಳು ಶಿವಕಾಂತಾ. “ಸಾಲಿ ಅಭ್ಯಾಸ ಇದರಾಗೇ ಬರ್ತದ. ಅವತ್ತೂ ಅದಕ್ಕೇ ಅವರು ಮನ್ಯಾಗ ಬಿಟ್ಟು ಹೋಗಿದ್ರು. ಸಂಜೀಕ ನಮ್ಮ ಧರ್ಮಾ ಹಿಡೀತಾನ, ಅಂವಂದು ಬಟನ್ ಮೊಬೈಲ್.”

ಅಷ್ಟು ಹೇಳಿ ಅವಳು ನಿಂತಳು. ಮೊಬೈಲನ್ನೂ ಇನ್ಸ್‌ಪೆಕ್ಟರರನ್ನೂ ನೋಡಿದಳು.

ಗ್ಯಾಲರಿಯಲ್ಲಿ ಎರಡು ವಿಡಿಯೋಗಳಿದ್ದವು. ಒಂದು ಪೂರ್ತಿ. ಘಟನೆಯಾದ ದಿನವೇ ಕೂಲಿಯವರ ಗುಂಪಿಗೆ ಯಾರೋ ಹಾಕಿದ್ದು, ಆ ಗುಂಪಿನಲ್ಲಿ ಸತ್ತವನೂ ಒಬ್ಬ ಸದಸ್ಯನಾಗಿದ್ದರಿಂದ ಅವನಿಗೂ ಬಂದಿತ್ತು. ಇನ್ನೊಂದು ಒಂಬತ್ತು ಸೆಕೆಂಡು ಕತ್ತರಿಸಿದ್ದು. ಅವುಗಳ ಕೆಳಗೆ ಮರಾಠಿ ಪಾಠದ ಚಿತ್ರಗಳು.

ಗೋದಾ ಹೊರಗೆ ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದ ಸೋನಾಲಿಯ ಪಕ್ಕ ಕೂತಳು. ಹುಡುಗಿಗೆ ಶಾಲೆಯ ಮರಾಠಿ ಚೆನ್ನಾಗಿ ಬರುತ್ತಿತ್ತು.

“ಅಪ್ಪನ ಮೊಬೈಲಿನಲ್ಲಿ ನೋಡಿದೆಯಾ, ಸೋನೂ?”

ಹುಡುಗಿ ತಲೆಯಾಡಿಸಿದಳು.

“ಎರಡನ್ನೂ?”

“ಹೂಂ.”

“ಅವ್ವನಿಗೆ ಯಾಕೆ ಹೇಳಲಿಲ್ಲ?”

“ಹೇಳಿದರೆ ಕಾಕಾ ಮನೆ ಬಿಟ್ಟು ಹೋಗಿಬಿಡ್ತಾನೆ.”

ಗೋದಾಳಿಗೆ ಅಳು ಬಂತು. ಯೂನಿಫಾರ್ಮಿನಲ್ಲಿ ಅಳಬಾರದು ಎಂದು ಎದ್ದು ಜೀಪಿನ ಆಚೆ ಹೋಗಿ ನಿಂತಳು.

ಆರು ಗಂಟೆಗೆ ಕೆಲಸ ಮುಗಿಸಿ ಬಂದ ಧರ್ಮರಾಜನನ್ನು ಠಾಣೆಗೆ ಕರೆತಂದರು. ಅವನು ಯಾಕೆ ಅಂತ ಕೇಳಲಿಲ್ಲ. ಬಿರಾಜದಾರರು ಮೊಬೈಲನ್ನು ಮುಚ್ಚಿದ ಲಕೋಟೆಯಲ್ಲಿ ಮೇಜಿನ ಮೇಲಿಟ್ಟಿದ್ದರು.

“ಕತ್ತರಿಸಿದ್ದು ನೀನೇ?”

“ಹೌದ್ರಿ.”

“ಯಾರು ಕಲಿಸಿದ್ರು?”

“ಅದರಾಗೇ ಬರ್ತದಲ್ರಿ. ಕತ್ತರಿ ಗುರ್ತು ಇರ್ತದ.”

“ಬರೇ ಕತ್ತರಿಸಿ ಇಟ್ಕೊಬೇಕಿಲ್ಲೋ? ಊರಿಗೆ ಯಾಕ ಹಂಚಿದಿ?”

ಧರ್ಮರಾಜ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಸಿಮೆಂಟು ಕೂತಿತ್ತು. “ನಮ್ಮ ಊರಾಗ ಎಲ್ಲಾರೂ ವಿಡಿಯೋ ಕೇಳ್ಲಕತ್ತಿದ್ರು ಸಾಹೇಬ್ರ. ಸರಕಾರ ತಗದ ಮ್ಯಾಲ ಸಿಗಲಿಲ್ಲಂತ ಇಲ್ಲಿ ನಾಕಾದವರ ಕಡಿಂದ ತರಸ್ಲಕತ್ತಿದ್ರು. ಅವರ ಕಡೆ ಇಡೀದು ಅದ. ಅದರಾಗ ನಾ ಇದ್ದೀನಿ. ಕತ್ತರಿಸಿದ್ದು ಸಲೀಸಾಗಿ ಸಿಕ್ರ ಅದನ್ನೇ ನೋಡತಾರ, ಇಡೀದು ಯಾರೂ ಕೇಳಂಗಿಲ್ಲ ಅಂದ್ಕೊಂಡೆ. ನೀವು ತಗದಂಗ ತಗದಂಗ ಮತ್ತ ಹಾಕಿದೆ.”

“ನಿಮ್ಮಣ್ಣನ ಮೊಬೈಲಿಂದ.”

“ನನ್ನ ಕಡೆ ಬ್ಯಾರೆ ಎಲ್ಲದ್ರಿ.” ಅವನ ದನಿ ಸಣ್ಣದಾಯಿತು. “ಅಣ್ಣ ನನ್ನ ತೋಳು ಹಿಡದಿದ್ದ. ನಾನೇ ಬಿಡಿಸ್ಕೊಂಡೆ. ನನ್ನ ಹೆಸರು ಕರದ.”

ವಿಡಿಯೋದಲ್ಲಿ ಅಷ್ಟೊಂದು ಕಿರುಚಾಟದ ನಡುವೆ ಆ ಕೂಗು ಕೇಳಿರಲಿಲ್ಲ. ಕೇಳಿದವನು ಇವನೊಬ್ಬನೇ.

“ಧರ್ಮರಾಜ, ಆ ಒಂಬತ್ತು ಸೆಕೆಂಡು ಯಾರೂ ನೋಡಿರಲಿಲ್ಲಪಾ,” ಅಂದರು ಬಿರಾಜದಾರರು. “ಎಲ್ಲಾರೂ ಮುಂದಕ್ಕ ಓಡಿಸ್ಕೊಂಡು ಕೊಯ್ತಾ ಏಳೂದನ್ನೇ ನೋಡಿದ್ರು. ಲಕ್ಷಾಂತರ ಮಂದಿ. ನಾನೂ ಹಂಗೇ ನೋಡಿದೆ. ನೀ ಯಾರ ಕಣ್ಣಿಗೂ ಬಿದ್ದಿರಲಿಲ್ಲ.”

ಧರ್ಮರಾಜ ತಲೆ ಎತ್ತಿದ.

“ಒಬ್ಬಾಕಿ ಮಾತ್ರ ನೋಡ್ಯಾಳ. ನೀ ಅಭ್ಯಾಸದ ಮೊಬೈಲಿನ್ಯಾಗ ಎರಡೂ ಇಟ್ಟಿದ್ದಿ.”

ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮೇಜಿಗೆ ಹಣೆ ಹಚ್ಚಿ ಅತ್ತ. ಬಿರಾಜದಾರರು ತಡೆಯಲಿಲ್ಲ. ಆ ಅಳುವನ್ನು ನೋಡುತ್ತ ಕೂರುವುದೂ ಸರಿಯಲ್ಲ ಅನ್ನಿಸಿ ಎದ್ದು ಹೊರಗೆ ಬಂದರು.

ಏಳು ಹತ್ತಕ್ಕೆ ಬಂಧನ ದಾಖಲಾಯಿತು. ಕಮಿಷನರ ಕಚೇರಿಯಿಂದ ಫೋನ್ ಬಂತು: ಸರಕಾರದ ಹೊಸ ಆದೇಶದಡಿ ಇದು ಮೊದಲ ಬಂಧನ, ಅಭಿನಂದನೆ, ಪತ್ರಿಕಾ ಪ್ರಕಟಣೆ ಬೇಗ ಕಳಿಸಿ. ಸಾವಿರ ಸಾವಿರ ಮಂದಿ ಹಂಚಿದ್ದ ವಿಡಿಯೋಗೆ ಮೊದಲು ಸಿಕ್ಕವನು ಸತ್ತವನ ತಮ್ಮ. ಬಿರಾಜದಾರರು ಪ್ರಕಟಣೆಯಲ್ಲಿ ಆರೋಪಿಯ ಸಂಬಂಧ ಬರೆಯಿಸಲಿಲ್ಲ. ಉದ್ದೇಶ ಏನೆಂದು ಬರೆಯಲಿ ಎಂದು ರೈಟರ್ ಕೇಳಿದಾಗ, ಬಹಳ ಹೊತ್ತು ಯೋಚಿಸಿ, “ನಾಚಿಕೆಯಿಂದ ಮಾಡಿದ್ದು ಅಂತ ಬರಿ,” ಅಂದರು. ಅಂಥ ಉದ್ದೇಶವನ್ನು ಅವನು ಅದುವರೆಗೆ ಬರೆದಿರಲಿಲ್ಲ. ಆದರೂ ಬರೆದ.

ಜಾಮೀನು ಕೊಡಬಹುದಾದ ಕಲಂ. ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಅಂಬಣ್ಣ ಬಂದು ಜಾಮೀನಿಗೆ ಸಹಿ ಹಾಕಿದ. ಅವನ ಹಿಂದೆಯೇ ಶಿವಕಾಂತಾ ಬಂದಳು. ಇನ್ಸ್‌ಪೆಕ್ಟರರಿಗೆ ಅವಳ ಮುಂದೆ ಹೇಗೆ ಹೇಳಬೇಕೆಂದು ತೋಚಲಿಲ್ಲ. “ಅವತ್ತು ಇವನು ಅಲ್ಲಿ...” ಎಂದು ಶುರುಮಾಡಿದರು.

“ಗೊತ್ರಿ,” ಅಂದಳು.

ಅವಳು ಬೆಂಚಿನ ಮೇಲೆ ಕೂತಿದ್ದ ಮೈದುನನ ಎದುರು ಹೋಗಿ ನಿಂತಳು.

“ಅವತ್ತು ಸುದ್ದಿ ತಗೊಂಡು ನೀನೇ ಮೊದಲ ಬಂದಿ. ಕಾಲಾಗ ಒಂದ ಚಪ್ಪಲಿ ಇತ್ತು. ಚಾ ಕುಡೀಲಾಕ ಹೋದಾಂವ ಹಂಗ ಬರ್ತಾನೇನು ಧರ್ಮಾ? ನನಗ ಅವತ್ತೇ ತಿಳೀತು.”

“ವೈನಿ...”

“ಓಡಿದ್ದಕ್ಕ ನಾ ಏನೂ ಅಂದ್ಕೊಂಡಿಲ್ಲ. ನೀನೂ ಅಲ್ಲೇ ನಿಂತಿದ್ರ ಎರಡು ಹೆಣ ಬರ್ತಿದ್ವು ಮನಿಗೆ. ಕೇಳಿದ್ರ ನಿನಗ ನಾಚಿಕಿ ಆಗ್ತದಂತ ಕೇಳಲಿಲ್ಲ.” ಅವಳ ದನಿ ಒಡೆಯಿತು. “ಕೇಳಬೇಕಿತ್ತು ನಾ. ಕೇಳಿದ್ರ ನೀ ಇದನ್ನೆಲ್ಲ ಮಾಡ್ತಿರಲಿಲ್ಲ, ಕೂಸು ಅದನ್ನ ನೋಡ್ತಿರಲಿಲ್ಲ.”

ಠಾಣೆಯಲ್ಲಿ ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಏನೋ ಕೆಲಸವಿದ್ದಂತೆ ಮೇಜಿನ ಕಡೆ ಬಗ್ಗಿದ್ದರು.

“ಏಳು,” ಅಂದಳು ಶಿವಕಾಂತಾ. “ಆಕಿ ಮುಂಜಾನಿಂದ ಉಂಡಿಲ್ಲ. ಓಡಿ ಹೋಗಿದ್ದೆ ಅಂತ ಬಂದು ನಿನ್ನ ಬಾಯಿಲೆ ಆಕಿಗೆ ಹೇಳು. ಹೇಳಿ, ಮನ್ಯಾಗೇ ಇರು.”

ಧರ್ಮರಾಜ ಎದ್ದ. ಬಾಗಿಲವರೆಗೆ ಬಂದು, ಸೋಮವಾರ ನಿಂತಿದ್ದ ಜಾಗದಲ್ಲೇ ನಿಂತುಬಿಟ್ಟ. ಮೆಟ್ಟಿಲಿಳಿಯುತ್ತಿದ್ದ ಶಿವಕಾಂತಾ ತಿರುಗಿ ಬಂದು ಅವನ ತೋಳು ಹಿಡಿದಳು. ಈ ಸಲ ಅವನು ಬಿಡಿಸಿಕೊಳ್ಳಲಿಲ್ಲ.