ಬಚ್ಚಲುಮನೆಯ ಯಜಮಾನರು

"ನಮಸ್ಕಾರ ಮೇಡಂ... ಸ್ವಲ್ಪ ಯಜಮಾನ್ರನ್ನ ಕರೀತೀರಾ?"

ಬಾಗಿಲಲ್ಲಿ ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿ ನಿಂತವನ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಅವನೇ! ಇಷ್ಟು ದಿನ ಫೋನಿನಲ್ಲಿ ಕೇಳಿದ ಅದೇ ದನಿ! ಮುಖವೂ ದನಿಯಷ್ಟೇ ಚೆನ್ನಾಗಿರಬೇಕಿತ್ತಾ ದೇವರೇ...

ಆದರೆ ಯಜಮಾನರನ್ನು ಎಲ್ಲಿಂದ ತರುವುದು? ಅವಳಿಗೆ ಮದುವೆಯೇ ಆಗಿರಲಿಲ್ಲ!

ಮಾಡಿಕೊಂಡದ್ದೆಲ್ಲ ಅವಳೇ. ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುವುದು ಅವಳ ಕೆಲಸ. ಅಳಿಲು, ಮೊಸಳೆ, ಕರಡಿ... ಗಂಟಲೊಂದೇ, ಸಂಸಾರ ದೊಡ್ಡದು. ಅವಳ ಹಳೇ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ವಿಂಡೋಸ್ ಅಲ್ಲ, ಪುಕ್ಕಟೆ ಸಿಗುವ ಲಿನಕ್ಸ್. ಕೇಬಲ್ ಇಂಟರ್ನೆಟ್ ಕಂಪನಿಗೋ ವಿಂಡೋಸ್ ಬಿಟ್ಟರೆ ಬೇರೆ ಲೋಕವೇ ಇಲ್ಲ.

ನೆಟ್ ಕೆಟ್ಟಾಗ ಮೊದಲ ಸಲ ಫೋನ್ ಮಾಡಿ ನಿಜ ಹೇಳಿದ್ದಕ್ಕೆ ಯಾರೋ ಒಬ್ಬ, "ಅದಕ್ಕೆಲ್ಲ ನಮ್ಮಲ್ಲಿ ಸಪೋರ್ಟ್ ಇಲ್ಲಮ್ಮ. ಮನೇಲಿ ಗಂಡಸರಿದ್ರೆ ಫೋನ್ ಕೊಡಿ" ಎಂದಿದ್ದ.

'ಗಂಡಸು ಬೇಕಾ? ತಗೋ!'

ಮರುದಿನ ಕರಡಿಯ ದನಿಯಲ್ಲಿ ಗುಡುಗಿದಳು. "ಹಲೋ! ಮನೆ ಯಜಮಾನ ಮಾತಾಡ್ತಿರೋದು. ಕಂಪ್ಯೂಟರಾ? ವಿಂಡೋಸೇ ಕಣಯ್ಯ!"

ಆ ದಿನ ಫೋನ್ ಎತ್ತಿದವನು ಇವನು. ಅವನು ತಾಳ್ಮೆಯಿಂದ ಒಂದೊಂದೇ ಗುಂಡಿ ಹೇಳುವುದು, ಇಲ್ಲದ ಗುಂಡಿಯನ್ನು ಇವಳು "ಒತ್ತಿದೆ, ಒತ್ತಿದೆ" ಎನ್ನುವುದು! ಅನುಮಾನ ಬಾರದಿರಲೆಂದು ನಡುನಡುವೆ ಮುಖ ಆಚೆ ತಿರುಗಿಸಿ, ಸ್ವಂತ ದನಿಯಲ್ಲಿ, "ರೀ, ತಿಂಡಿ ಆರಿ ಹೋಗ್ತಿದೆ!" ಎಂದು ತನ್ನನ್ನೇ ಗದರಿಕೊಳ್ಳುವುದು ಬೇರೆ.

ಒಮ್ಮೆ ಹಾಗೆ ಗದರುವಾಗ ನಿಜವಾಗಿಯೂ ಕೆಮ್ಮು ಬಂತು.

"ಸರ್, ಇಂಟರ್ನೆಟ್ ಆಮೇಲೆ ನೋಡೋಣ. ಮೊದ್ಲು ಮೇಡಂಗೆ ಬಿಸಿನೀರು ಕೊಡಿ. ನಾನು ಲೈನಲ್ಲೇ ಇರ್ತೀನಿ."

ಅತ್ತ ಅವನೂ ಕಾದ, ಇತ್ತ ನೀರೂ ಕಾಯಿತು. ಅವಳ ಮನಸ್ಸು ಅವತ್ತೇ ಕೈತಪ್ಪಿ ಹೋಯಿತು...

ಫೋನಿನಲ್ಲಿ ಬಗೆಹರಿಯದ ದೂರಿಗೆ, ಫೋನ್ ಎತ್ತಿದವನೇ ಮನೆಗೆ ಬರಬೇಕೆಂಬುದು ಆ ಕಂಪನಿಯ ಪದ್ಧತಿ. ಬಂದೇಬಿಟ್ಟಿದ್ದಾನೆ!

"ಅವ್ರು... ಸ್ನಾನಕ್ಕೆ ಹೋಗಿದ್ದಾರೆ."

"ಕಾಯ್ತೀನಿ. ಅವ್ರ ಹತ್ರ ಒಂದು ಮಾತಾಡ್ಬೇಕು."

'ಕಾಯೋದು ಬಿಟ್ರೆ ಬೇರೇನೂ ಬರಲ್ವಾ ಇವನಿಗೆ!'

ಅಡುಗೆಮನೆಗೆ ಹೋದಂತೆ ಮಾಡಿ, ಹಿಂದಿನಿಂದ ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ನಲ್ಲಿ ತಿರುಗಿಸಿದಳು.

"ಯಾರಪ್ಪಾ ಅದು?" ಒಳಗಿಂದ ಕರಡಿ ಕೇಳಿತು.

ಅವನು ಕೇಬಲ್ ಸುರುಳಿ ಕೆಳಗಿಟ್ಟು ಬಚ್ಚಲಿನ ಬಾಗಿಲ ಹತ್ತಿರ ಬಂದ. "ನಾನು ಸರ್, ಕೇಬಲ್‌ನವನು. ಮೇಡಂ ಅಲ್ಲೆಲ್ಲೂ ಇಲ್ಲ ತಾನೇ?"

"ಅಡುಗೆಮನೇಲಿದ್ದಾಳೆ. ಹೇಳು."

"ಇನ್ಮೇಲೆ ನಿಮ್ಮ ಫೋನ್ ನಾನು ಎತ್ತಲ್ಲ ಸರ್. ನಮ್ಮ ಸೋದರಮಾವಂದೇ ಕಂಪನಿ. ಬೇರೆ ಊರಿನ ಆಫೀಸಿಗೆ ಕಳ್ಸಿ ಅಂತ ಕಾಲು ಹಿಡಿದಿದ್ದೀನಿ. ನಾಳೆ ಹೊರಡ್ತೀನಿ."

'ಏನು!'

"ಯಾ... ಯಾಕಪ್ಪಾ?" ಕರಡಿ ತೊದಲಿತು.

"ಫೋನಲ್ಲಿ ಹಿಂದಿನಿಂದ ಮೇಡಂ ನಿಮ್ಮನ್ನ ಬೈತಾರಲ್ಲ... ಅದನ್ನ ಕೇಳೋಕೇ ನಾನು ಕಾಯ್ತಿದ್ದೆ ಸರ್. ನಿಮ್ಮ ನೆಟ್ ಸರಿಹೋದ ದಿನ ನಂಗೆ ಊಟ ಸೇರ್ತಿರ್ಲಿಲ್ಲ. ಇನ್ನೊಬ್ರ ಹೆಂಡ್ತಿ ಸರ್! ತಪ್ಪು. ಹೊಡೀಬೇಕು ಅನ್ನಿಸಿದ್ರೆ ಹೊಡೀರಿ. ಸ್ನಾನ ಮುಗಿಸ್ಕೊಂಡೇ ಬನ್ನಿ, ಅವಸರ ಇಲ್ಲ."

ನಲ್ಲಿ ನಿಂತಿತು.

ನಿಜ ಹೇಳಿದರೆ 'ಮೋಸಗಾತಿ' ಎಂದು ಹೋಗುತ್ತಾನೆ. ಹೇಳದಿದ್ದರೆ ಒಳ್ಳೆಯವನಾಗಿಯೇ ಹೋಗುತ್ತಾನೆ. ಹೇಗೂ ಹೋಗುವವನೇ...

ಚಿಲಕ ತೆಗೆದಳು. ಅವನು ಕಣ್ಣು ಮುಚ್ಚಿ, ಕೆನ್ನೆ ಮುಂದೊಡ್ಡಿ ನಿಂತಿದ್ದ!

"ಯಜಮಾನ್ರು ಹೊಡೆಯಲ್ಲ," ಎಂದಳು ಸ್ವಂತ ದನಿಯಲ್ಲಿ.

ಅವನು ಬೆಚ್ಚಿ ಕಣ್ಣು ಬಿಟ್ಟ. ಒಳಗೆ ಇಣುಕಿದ. ಒಂದು ಬಕೆಟ್ಟು, ಒಂದು ಚೊಂಬು.

"ಎಲ್ಲಿ ಹೋದ್ರು?"

"ಹೋಗೋಕೆ ಬಂದೇ ಇರ್ಲಿಲ್ಲ!" ಎಂದವಳೇ ಕರಡಿಯ ದನಿಗೆ ಇಳಿದಳು. "ನಾನೇ ಕಣಪ್ಪಾ ಯಜಮಾನ!"

ಅವನು ಗೋಡೆಗೊರಗಿದ.

"ಅಂದ್ರೆ... ನಾನು ಹುಡುಗಿ ನೋಡೋಕೆ ಹೋಗ್ತೀನಿ ಅಂದಾಗ, ಫೋನಲ್ಲಿ ಬೇಡ ಕಣಯ್ಯ, ಅವಸರ ಮಾಡ್ಬೇಡ ಅಂದಿದ್ದು?"

"ನಾನೇ."

"ಆ ವಿಂಡೋಸು?"

"ಲಿನಕ್ಸು..."

"ಅಯ್ಯೋ! ಅದ್ರಲ್ಲೂ ಮೋಸಾನಾ!" ಅವನ ಮುಖ ಬಾಡಿತು. ಕೇಬಲ್ ಸುರುಳಿ ಎತ್ತಿಕೊಂಡ. "ಎಷ್ಟು ನಕ್ಕಿರ್ಬೇಕು ನೀವು ನನ್ನ ನೋಡಿ..."

"ನಕ್ಕಿದ್ದೆ. ಬಿಸಿನೀರು ಕೊಡಿ ಅಂದ್ರಲ್ಲ, ಅಲ್ಲೀವರ್ಗೂ." ಅವಳ ಕಣ್ಣು ತುಂಬಿತು. "ಆಮೇಲೆ ನೆಟ್ ಸರಿ ಇದ್ದಾಗ್ಲೂ ಫೋನ್ ಮಾಡಿದ್ದೀನಿ."

ಹೊಸ್ತಿಲಲ್ಲಿ ಅವನ ಕಾಲು ನಿಂತಿತು. "ಸರಿ ಇದ್ದಾಗ್ಲೂ? ಇವತ್ತು?"

"ಇವತ್ತು ಕೇಬಲ್ ನಾನೇ ಕಿತ್ತಿದ್ದು. ನಿಮ್ಮನ್ನ ಒಂದ್ಸಲ ನೋಡ್ಬೇಕಿತ್ತು... ಯಜಮಾನ್ರನ್ನ ಕೇಳ್ತೀರಾ ಅಂತ ಹೊಳೀಲೇ ಇಲ್ಲ!"

ಅವನು ಕೇಬಲ್ ಸುರುಳಿಯನ್ನು ಮತ್ತೆ ಕೆಳಗಿಟ್ಟ. ಆಮೇಲೆ ಜೇಬಿನಿಂದ ಫೋನ್ ತೆಗೆದ.

"ಮಾವಾ, ನಾನು ಎಲ್ಲೂ ಹೋಗಲ್ಲ."

"ಬೆಳಿಗ್ಗೆ ತಾನೇ ಕಾಲಿಗೆ ಬಿದ್ಯಲ್ಲೋ ಮುಠ್ಠಾಳ!" ಫೋನ್ ಕಿರುಚಿದ್ದು ಅವಳಿಗೂ ಕೇಳಿಸಿತು.

"ಇಲ್ಲೊಂದು ಲಿನಕ್ಸ್ ಮನೆ ಇದೆ ಮಾವ. ಸಪೋರ್ಟ್ ಇಲ್ಲ, ಗೊತ್ತು. ಇನ್ಮೇಲೆ ನಾನು ಕೊಡ್ತೀನಿ."

ಫೋನ್ ಇಟ್ಟ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ನಿಮ್ಗೆ ಲಿನಕ್ಸ್ ಬರತ್ತಾ?"

"ಒಂದಕ್ಷರಾನೂ ಬರಲ್ಲ. ಕಲಿಯೋಕೆ ಎಷ್ಟು ದಿನ ಬೇಕು?"

"ಜಾಣರಿಗೆ ಒಂದು ವಾರ ಸಾಕು."

"ಹಾಗಾದ್ರೆ ನಾನು ತುಂಬಾ ದಡ್ಡ ಕಣ್ರೀ..." ಎಂದು ಅವನು ಇನ್ನೊಂದು ಕುರ್ಚಿಯನ್ನು ಕಂಪ್ಯೂಟರ್ ಮುಂದಿದ್ದ ಅವಳ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡ.